ಬೆಟ್ಟದ ಬುಡದಲ್ಲಿ ಮಾಹಿತಿ ಕೇಂದ್ರ ಬೇಕು

ಮಾನ್ಯರೇ,

2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಗೆ ಬಂದವರಂತೆ ಸಾಲುಗಟ್ಟಿದ ಬಳಿಕ ಸರ್ಕಾರ ಎಚ್ಚೆತ್ತು, ಚಾರಣಕ್ಕೆ ಆನ್‌ಲೈನ್ ಬುಕಿಂಗನ್ನೂ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯನ್ನೂ ತಂದದ್ದು ಸರಿಯಾದ ಕ್ರಮವೇ. ಆದರೆ ಟಿಕೆಟ್ ಹಿಡಿದು ಬೆಟ್ಟದ ಬುಡಕ್ಕೆ ಬಂದವರಿಗೆ ಅಲ್ಲಿ ಏನು ಸಿಗುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕೊಡಗಿನ ಅತಿ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳ್‌ಗೆ ಹೋಗುವವರು ನಾಲ್ಕುನಾಡು ಅರಮನೆಯ ಬಳಿ ವಾಹನದಿಂದ ಇಳಿಯುತ್ತಾರೆ. ದಾರಿ ಎಷ್ಟು ಹೊತ್ತಿನದು, ನೀರು ಎಲ್ಲಿ ಸಿಗುತ್ತದೆ, ಆನೆ ಓಡಾಟ ಇದೆಯೇ ಎಂದು ಅವರು ಕೇಳುವುದು ಸಿಕ್ಕ ಅಂಗಡಿಯವರನ್ನು, ಇಲ್ಲವೇ ನಮ್ಮಂಥ ತೋಟದವರನ್ನು. ನಾವು ತಿಳಿದಷ್ಟು ಹೇಳುತ್ತೇವೆ. ಆದರೆ ಮೇಲೆ ಮಂಜು ಕವಿದರೆ ಹುಲ್ಲುಗಾವಲಿನಲ್ಲಿ ಕಾಲುದಾರಿ ಕಾಣುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವ ಭರವಸೆಯೂ ಇಲ್ಲ. ಅಂಥ ಕಡೆಗೆ ಹೊರಟವರಿಗೆ ಅಂದಿನ ಹವಾಮಾನ ತಿಳಿಸಿ, ಇಷ್ಟು ಗಂಟೆಯೊಳಗೆ ಇಳಿಯಲು ಶುರುಮಾಡಿ ಎಂದು ಅಧಿಕಾರದಿಂದ ಹೇಳಬಲ್ಲ ಒಬ್ಬರು ಅಲ್ಲಿ ಕುಳಿತಿರಬೇಕಾದುದು ಅಗತ್ಯ.

ಕಳೆದ ಡಿಸೆಂಬರಿನಲ್ಲಿ ಜಿಲ್ಲೆಯ ಬೇರೊಂದು ಬೆಟ್ಟಕ್ಕೆ (ಹೆಸರು ಬೇಡ) ಸಂಬಂಧಿಕರ ಮಕ್ಕಳೊಂದಿಗೆ ಹೋಗಿದ್ದೆ. ಗೇಟಿನಲ್ಲಿ ನಮ್ಮೆಲ್ಲರ ಹೆಸರು, ಫೋನ್ ನಂಬರು ಬರೆದುಕೊಂಡರು, ಚೀಲ ತೆರೆಸಿ ಪ್ಲಾಸ್ಟಿಕ್ ಬಾಟಲಿಗಳನ್ನೂ ಎಣಿಸಿದರು. ಇಳಿದು ಬರುವಷ್ಟರಲ್ಲಿ ಕತ್ತಲಾಗಿತ್ತು; ಗೇಟಿನಲ್ಲಿ ಯಾರೂ ಇರಲಿಲ್ಲ. ಬಾಟಲಿಯ ಲೆಕ್ಕ ಇಟ್ಟವರು ತಲೆಯ ಲೆಕ್ಕ ಇಟ್ಟಿರಲಿಲ್ಲ! ನಮ್ಮಲ್ಲೊಬ್ಬ ಹಿಂದೆ ಉಳಿದಿದ್ದರೂ ಮರುದಿನದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತಿದವರ ಹೆಸರಿನ ಎದುರು ಇಳಿದ ಹೊತ್ತನ್ನು ಬರೆಯಲು ಪುಸ್ತಕದಲ್ಲಿ ಒಂದು ಕಾಲಂ, ಕೊನೆಯವರು ಇಳಿಯುವವರೆಗೆ ಕಾಯುವ ಒಬ್ಬ ಸಿಬ್ಬಂದಿ, ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಪುಷ್ಪಗಿರಿಯ, ಅಂದರೆ ಕುಮಾರ ಪರ್ವತದ, ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವವರು ಮೊದಲಿನಿಂದಲೂ ಇದ್ದಾರೆ. ಎರಡು ಜಿಲ್ಲೆಗಳ ಎರಡು ಗೇಟುಗಳು ಸಂಜೆ ಪರಸ್ಪರ ಲೆಕ್ಕ ತಾಳೆ ನೋಡದಿದ್ದರೆ ಪುಸ್ತಕ ಬರೆದೂ ಪ್ರಯೋಜನವಿಲ್ಲ.

ಟೆಂಟ್ ಹೊತ್ತು ಬರುವವರದು ಮತ್ತೊಂದು ಪಾಡು. ಅಭಯಾರಣ್ಯದೊಳಗೆ ಮನಸ್ಸಿಗೆ ಬಂದ ಕಡೆ ರಾತ್ರಿ ತಂಗುವುದಕ್ಕೂ ಬೆಂಕಿ ಹಾಕುವುದಕ್ಕೂ ಅವಕಾಶ ಕೊಡಬಾರದು, ಅದರಲ್ಲಿ ಎರಡು ಮಾತಿಲ್ಲ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಆದರೆ ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಈ ಮಾತನ್ನು ಗೇಟಿನಲ್ಲಿ ಹೇಳಿ ವಾಪಸು ಕಳಿಸುವ ಬದಲು ಬುಕಿಂಗ್ ಮಾಡುವಾಗಲೇ, ಮಡಿಕೇರಿ ಬಸ್ ನಿಲ್ದಾಣದಲ್ಲಿಯೂ, ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸಬಹುದು. ಹತ್ತಿರದಲ್ಲಿ ಟೆಂಟ್ ಹಾಕಲು ಜಾಗ ಕೊಡುವ ತೋಟಗಳ, ನೋಂದಾಯಿತ ಹೋಮ್‌ಸ್ಟೇಗಳ ಪಟ್ಟಿಯನ್ನೂ ಜೊತೆಗೆ ಕೊಟ್ಟರೆ ಕದ್ದು ಕಾಡಿಗೆ ನುಗ್ಗುವವರು ಕಡಿಮೆಯಾದಾರು.

ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರದಲ್ಲಿ ಕೂರಲು ಬೆಟ್ಟ ಬಲ್ಲ ಊರಿನ ಯುವಕ ಯುವತಿಯರನ್ನೇ ನೇಮಿಸಿ, ಅವರ ಸಂಬಳಕ್ಕೆ ಚಾರಣ ಶುಲ್ಕದ ಒಂದು ಪಾಲನ್ನು ಮೀಸಲಿಡಬೇಕೆಂದು ಅರಣ್ಯ ಇಲಾಖೆಯನ್ನೂ ಜಿಲ್ಲಾಡಳಿತವನ್ನೂ ಕೋರುತ್ತೇನೆ. ಮಳೆಗಾಲ ಮುಗಿದು ಚಾರಣ ಶುರುವಾಗುವ ಮೊದಲು ಒಂದೆರಡು ಬೆಟ್ಟಗಳಲ್ಲಾದರೂ ಇದನ್ನು ಆರಂಭಿಸಲಿ.

– ಒಬ್ಬ ಕಾಫಿ ಬೆಳೆಗಾರ, ಕಕ್ಕಬ್ಬೆ, ಕೊಡಗು