ತಪ್ಪು ಊರಿನಲ್ಲಿ ಹುಡುಕಿದ್ದಕ್ಕೆ ಹಣ ವಾಪಸ್ ಕೊಡಿ

ಇವರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಪೋಸೆನ್ ಪ್ರಾಂತ್ಯದ ವಂಶಾವಳಿ ಹುಡುಕಾಟದ ಬಗ್ಗೆ ದೂರು

ಮಾನ್ಯರೇ,

ನನ್ನ ಗಂಡ ಜರ್ಮನಿಯವರು. ಅವರ ಮುತ್ತಜ್ಜಿಯ ಜನನ ದಾಖಲೆ ಹುಡುಕಿಕೊಡಿ ಎಂದು ನಿಮಗೆ ಪೂರ್ತಿ ಹಣ ಮುಂಗಡವಾಗಿ ಕಟ್ಟಿದ್ದೆ. ನೀವು ಕಳಿಸಿದ ಕಾಗದ ನಮ್ಮ ಮನೆಯವರದ್ದೇ ಅಲ್ಲ.

ಮುತ್ತಜ್ಜಿ ಹುಟ್ಟಿದ್ದು 1881ರಲ್ಲಿ, ಆಗ ಜರ್ಮನಿಯ ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ ಪೋಸೆನ್ ಪ್ರಾಂತ್ಯದ ನಾಯ್‌ಷ್ಟಾಟ್ ಬೈ ಪಿನ್ನೆ ಎಂಬ ಊರಿನಲ್ಲಿ. ನಾಜಿಗಳ ಕಾಲದಲ್ಲಿ ಮಾಡಿಸಿದ ವಂಶಾವಳಿ ಪುಸ್ತಕವೊಂದು ಅತ್ತೆಯ ಬೀರುವಿನಲ್ಲಿತ್ತು. ಮನೆತನದಲ್ಲಿ ಯೆಹೂದಿಗಳಿಲ್ಲ ಎಂದು ತೋರಿಸಲು ಅದನ್ನು ಮಾಡಿಸುತ್ತಿದ್ದರು; ಆ ಉದ್ದೇಶ ಹೊಲಸು, ಆ ಮಾತು ಬೇರೆ. ಆದರೆ ಊರು, ಪ್ರಾಂತ್ಯ, ಪ್ರೊಟೆಸ್ಟೆಂಟ್ ಎಂಬುದು ಎಲ್ಲಾ ಅದರಲ್ಲಿದೆ, ಮುದ್ರೆಯೂ ಬಿದ್ದಿದೆ. ಆ ಪುಟದ ಫೋಟೋ ಕಳಿಸಿದ್ದೆ. ನೀವು ಅದನ್ನು ತೆರೆದು ನೋಡಿದ ಹಾಗೆ ಕಾಣುವುದಿಲ್ಲ.

ನೀವು ಹುಡುಕಿದ್ದು ಸಿಲೇಷಿಯಾ ಎಂಬ ಬೇರೆ ಪ್ರಾಂತ್ಯದ ನಾಯ್‌ಷ್ಟಾಟ್‌ನಲ್ಲಿ. ಅದು ಜೆಕ್ ಗಡಿಯ ಹತ್ತಿರದ ಈಗಿನ ಪ್ರುದ್ನಿಕ್. ನಮಗೆ ಬೇಕಾದ ಊರು ಪೋಲೆಂಡಿನ ಪೋಜ್ನಾನ್ ನಗರದ (ಜರ್ಮನ್ನರ ಬಾಯಲ್ಲಿ ಪೋಸೆನ್) ಪಶ್ಚಿಮಕ್ಕಿರುವ ಈಗಿನ ಲ್ವುವೆಕ್. ಎರಡರ ನಡುವೆ ಸುಮಾರು 250 ಕಿ.ಮೀ. ಇದೆ. ಸಿಕ್ಕಿದ್ದು ಕ್ಯಾಥೊಲಿಕ್ ಚರ್ಚಿನ ದಾಖಲೆ, ತಂದೆಯ ಹೆಸರೂ ಬೇರೆ. ಷುಲ್ಟ್ಸ್ ಎಂಬ ಮನೆತನದ ಹೆಸರೊಂದು ಹೊಂದಿತು, ಅಷ್ಟೇ. ಮಂಡ್ಯದಲ್ಲಿ ಬರೀ ಗೌಡ್ರ ಮನೆ ಎಲ್ಲಿ ಅಂತ ಕೇಳಿಕೊಂಡು ಹೋದ ಹಾಗಾಯಿತು.

ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, "ಆ ಪ್ರಾಂತ್ಯವೇ ಈಗ ಇಲ್ವಲ್ಲ ಮೇಡಂ, ದಾಖಲೆ ಎಲ್ಲಿಂದ ತರೋದು?" ಅಂದರು. ಪ್ರಾಂತ್ಯ ಹೋದರೆ ಕಡತಗಳೂ ಹೋಗಬೇಕಾ? ಮೊದಲ ಮಹಾಯುದ್ಧದ ನಂತರ ಪೋಸೆನ್‌ನ ಬಹುಭಾಗ ಪೋಲೆಂಡಿಗೆ ಸೇರಿತು. ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಿಂದಲೇ ಜನನ, ಮದುವೆ, ಮರಣಗಳನ್ನು ಸರ್ಕಾರಿ ಕಚೇರಿಯಲ್ಲಿ ಬರೆದಿಡುತ್ತಿದ್ದರು. ಪೋಲೆಂಡಿನ ಈಗಿನ ಕಾನೂನಿನ ಪ್ರಕಾರ 100 ವರ್ಷ ದಾಟಿದ ಜನನ ಪುಸ್ತಕಗಳು ಸರ್ಕಾರಿ ದಾಖಲೆ ಭಂಡಾರಕ್ಕೆ ಹೋಗುತ್ತವೆ. ಅಂದಮೇಲೆ ಮೊದಲು ಕೇಳಬೇಕಾದ್ದು ಪೋಜ್ನಾನ್ ಭಂಡಾರದಲ್ಲಿ ಅಲ್ವಾ? ಅಲ್ಲಿ ವಿಚಾರಿಸಿ ಇಲ್ಲ ಅಂತ ಉತ್ತರ ಬಂದಿದ್ದರೆ ನಾನು ಸುಮ್ನಾಗುತ್ತಿದ್ದೆ. ನಿಮ್ಮ ವರದಿಯಲ್ಲಿ ಆ ಭಂಡಾರದ ಹೆಸರೇ ಇಲ್ಲ.

ಬಿಲ್ಲಿನಲ್ಲಿ "ಮದುವೆ ಸೂಚಿ ಶುಲ್ಕ" ಅಂತ ಬೇರೆ ಹಾಕಿದ್ದೀರಿ. ಪೋಸೆನ್‌ನ 19ನೇ ಶತಮಾನದ ಮದುವೆಗಳ ಸೂಚಿ ಪೋಜ್ನಾನ್ ಪ್ರಾಜೆಕ್ಟ್ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಈ ಶುಲ್ಕ ಯಾವುದಕ್ಕೆ?

ಹದಿನೈದು ದಿನದೊಳಗೆ ಪೂರ್ತಿ ಹಣ ವಾಪಸ್ ಮಾಡಿ. ಇಲ್ಲವೇ, ಸರಿಯಾದ ಊರಿನ 1881ರ ಜನನ ಪುಸ್ತಕವನ್ನು ಜಾಸ್ತಿ ಹಣ ಕೇಳದೆ ಹುಡುಕಿಸಿ, ಭಂಡಾರದ ಲಿಖಿತ ಉತ್ತರದ ಸಮೇತ ಕಳಿಸಿ. ಎರಡೂ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ವಂಶಾವಳಿ ಪುಸ್ತಕದ ಪುಟ (ಮತ್ತೊಮ್ಮೆ), ನಿಮ್ಮ ವರದಿ, ಬಿಲ್