ಮೂಳೆ ಹೇಳಿ ಕೇಳಿ ಮುರಿಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ಈ ಸಲ ನೀನು ಸ್ಕೀಯಿಂಗ್‌ಗೆ ಹೊರಡುವ ಮುಂಚೆ ಒಂದು ವಿಷಯ ಹೇಳಿಬಿಡಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಮ್ಮ" ಅಂದು ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಣಿಕಟ್ಟು ಮುರಿದಿದ್ದು ನಿನಗೆ ಗೊತ್ತು. ಈ ವಯಸ್ಸಲ್ಲೂ ಕಡಿದಾದ ಇಳಿಜಾರಲ್ಲಿ ಜೋರಾಗಿ ಬಂದು ಬಿದ್ದಿರಬೇಕು ಅಂತ ಎಲ್ಲರೂ ಅಂದುಕೊಂಡರು. ನಾನೂ ಸುಮ್ನೆ ಇದ್ದುಬಿಟ್ಟೆ, ಹಾಗಂದುಕೊಂಡರೆ ಸ್ವಲ್ಪ ಮರ್ಯಾದೆ ಅಲ್ವಾ. ನಿಜ ಏನಂದರೆ ನಾನು ಬಿದ್ದಿದ್ದು ಗುಡ್ಡದ ಮೇಲಕ್ಕೆ ಕರೆದೊಯ್ಯುವ ಲಿಫ್ಟ್‌ಗೆ ಕಾಯುವ ಸಾಲಿನಲ್ಲಿ. ನಿಂತಿದ್ದೆ. ಹಿಂದಿದ್ದವರ ಸ್ಕೀ ನನ್ನ ಸ್ಕೀ ಮೇಲೆ ಹತ್ತಿತು, ಆಯ ತಪ್ಪಿತು, ಕೈ ಊರಿದೆ, ಅಷ್ಟೇ. ಅದಕ್ಕೆ 15 ವರ್ಷ ಮೊದಲು ಅರ್ಧ ಗುಡ್ಡ ಉರುಳಿಕೊಂಡೇ ಇಳಿದಿದ್ದೆ, ಆಗ ತರಚುಗಾಯ ಬಿಟ್ಟರೆ ಏನೂ ಆಗಿರಲಿಲ್ಲ.

ನನಗೆ ಆಗಲೇ ಅರ್ಥ ಆಗಬೇಕಿತ್ತು. 50 ದಾಟಿದವರು ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದುಕೊಂಡರೆ ತಪ್ಪು ಹುಡುಕಬೇಕಾದ್ದು ಹಿಮದಲ್ಲಲ್ಲ, ಮೂಳೆಯಲ್ಲಿ. ಪ್ಲಾಸ್ಟರ್ ಹಾಕಿದವರೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಎರಡು ವರ್ಷ ಆದ ಮೇಲೆ ಯಾವುದೋ ತಪಾಸಣೆಯಲ್ಲಿ ಎತ್ತರ ಅಳೆದರೆ ನಾನು 4 ಸೆಂಟಿಮೀಟರ್ ಕುಳ್ಳಾಗಿದ್ದೆ. ನಿಮ್ಮ ಅಳತೆ ಕೋಲೇ ಸರಿಯಿಲ್ಲ ಅಂತ ಜಗಳ ಆಡಿದೆ. ಆಮೇಲೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದರೆ ಬೆನ್ನಿನ ಟಿ ಸ್ಕೋರ್ ಮೈನಸ್ 2.8. ಎಕ್ಸ್-ರೇಯಲ್ಲಿ ನೋಡಿದರೆ ಬೆನ್ನುಮೂಳೆಯ ಒಂದು ಮಣಿ ಕುಸಿದು ಕೂತಿತ್ತು. ಯಾವತ್ತು ಕುಸಿಯಿತೋ ಗೊತ್ತೇ ಆಗಿರಲಿಲ್ಲ. ಸ್ವಲ್ಪ ಬೆನ್ನುನೋವು ಅಂತ ಮುಲಾಮು ತಿಕ್ಕಿಕೊಂಡು ಓಡಾಡುತ್ತಿದ್ದೆ.

ಟಿ ಸ್ಕೋರ್ ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕಿ. ಮೈನಸ್ 1ರ ತನಕ ಚಿಂತೆಯಿಲ್ಲ, ಅಲ್ಲಿಂದ ಮೈನಸ್ 2.5ರ ಒಳಗೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಮುಟ್ಟಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆ. ಹೆಂಗಸರಿಗೆ 65ಕ್ಕೆ ಈ ಸ್ಕ್ಯಾನ್ ಮಾಡಿಸಿ ಅನ್ನುತ್ತಾರೆ. ನೀನು ಅಷ್ಟು ಕಾಯಬೇಡ. ನಿನಗೆ 51, ಮುಟ್ಟು ನಿಂತು ಒಂದು ವರ್ಷ ಆಯ್ತು, ಮೂಳೆ ಜೋರಾಗಿ ಸವೆಯುವುದು ಇನ್ನು ಮುಂದಿನ ಐದಾರು ವರ್ಷದಲ್ಲೇ. ಮೇಲಾಗಿ ನಿಮ್ಮಮ್ಮನ ಸೊಂಟ ಮುರಿದಿದೆ. ಅಪ್ಪ ಅಥವಾ ಅಮ್ಮನಿಗೆ ಸೊಂಟ ಮುರಿದಿದ್ದರೆ ಡಾಕ್ಟರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹೋದಾಗ ಮರೆಯದೆ ಹೇಳು, ಅವರು ಕೇಳಲಿ ಅಂತ ಕಾಯಬೇಡ.

"ನಾನು ಸೈಕಲ್ ಹೊಡೀತೀನಿ, ಈಜ್ತೀನಿ, ನಂಗೇನು" ಅಂತ ನೀನು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಹೃದಯಕ್ಕೆ ಅದು ಒಳ್ಳೆಯದು, ಮಾಡು. ಆದರೆ ಸೈಕಲ್‌ನಲ್ಲಿ ಮೈಭಾರ ಹೊರುವುದು ಸೀಟು, ಈಜಿನಲ್ಲಿ ನೀರು. ಮೂಳೆಗೆ ಏನು ಕೆಲಸ ಸಿಕ್ಕಿತು ಹೇಳು? ಗಗನಯಾತ್ರಿಗಳು ದಿನಾ ವ್ಯಾಯಾಮ ಮಾಡಿದರೂ ಮೂಳೆ ಕಳೆದುಕೊಳ್ಳುವುದು ಯಾಕೆ, ಅಲ್ಲಿ ಭಾರವೇ ಇಲ್ಲ. ಮೂಳೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಕುಟ್ಟು ಬೀಳಬೇಕು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರ ಕೈಯಲ್ಲಿ ವಾರಕ್ಕೆ ಎರಡು ದಿನ, ಅರ್ಧ ಅರ್ಧ ಗಂಟೆ, ನಿಜವಾಗಿಯೂ ಭಾರದ ಕಬ್ಬಿಣ ಎತ್ತಿಸಿದರು. 8 ತಿಂಗಳಲ್ಲಿ ಬೆನ್ನಿನ ಮೂಳೆ ಸಾಂದ್ರತೆ ಸುಮಾರು ಶೇಕಡಾ 3ರಷ್ಟು ಏರಿತು. ಮನೆಯಲ್ಲೇ ಹಗುರವಾಗಿ ಕೈಕಾಲು ಆಡಿಸಿದವರದ್ದು ಇಳಿಯಿತು. ಆದರೆ ಅಲ್ಲಿ ಪಕ್ಕದಲ್ಲಿ ತರಬೇತಿ ಕೊಡುವವರು ನಿಂತಿರುತ್ತಿದ್ದರು. ನೀನೂ ಹಾಗೇ ಕಲಿ, ಒಬ್ಬಳೇ ವಿಡಿಯೋ ನೋಡಿಕೊಂಡು ಎತ್ತೋಕೆ ಹೋಗಬೇಡ. ನನಗಂತೂ ಬೆನ್ನು ಬಗ್ಗಿಸಿ ಏನನ್ನೂ ಎತ್ತಬೇಡಿ ಅಂದಿದ್ದಾರೆ, ಬೂಟಿನ ಬಕಲ್ ಹಾಕುವಾಗಲೂ ಕಾಲನ್ನೇ ಬೆಂಚಿನ ಮೇಲೆ ಇಡುತ್ತೇನೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. 50 ಆದ ಮೇಲೆ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆದರೆ ಅದು ಹಾಲು, ಮೊಸರು, ಸೊಪ್ಪು, ಮಾತ್ರೆ ಎಲ್ಲ ಸೇರಿ. ಊಟದಲ್ಲೇ ಮುಕ್ಕಾಲು ಬರುತ್ತಿದ್ದರೆ ಮೇಲೆ ದೊಡ್ಡ ಮಾತ್ರೆ ನುಂಗಬೇಡ. ಮಾತ್ರೆ ಬೇಕೇ ಬೇಕು ಅಂದರೂ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಿರಲಿ, ಅದಕ್ಕಿಂತ ಜಾಸ್ತಿ ಹಾಕಿದರೆ ಮೈ ಸರಿಯಾಗಿ ಹೀರುವುದಿಲ್ಲ. ವಿಟಮಿನ್ ಡಿ ರಕ್ತದಲ್ಲಿ ನೋಡಿಸು. ಹಿಮದ ಮೇಲೆ ಅಷ್ಟು ಬಿಸಿಲಿರುತ್ತಲ್ಲ ಅನ್ನಬೇಡ, ಅಲ್ಲಿ ಮೂಗು ಬಿಟ್ಟರೆ ಮಿಕ್ಕಿದ್ದೆಲ್ಲ ಮುಚ್ಚಿಕೊಂಡಿರುತ್ತೀಯ, ಮೂಗಿಗೂ ಕ್ರೀಮು.

ಇನ್ನು ಇಳಿಜಾರಿನ ಮಾತು. "ಇನ್ನೊಂದೇ ಒಂದು ಸಲ" ಅನ್ನುವ ಕೊನೆಯ ಇಳಿತ ಬಿಟ್ಟುಬಿಡು. ತೊಡೆ ಸೋತಿರುತ್ತದೆ, ಬೆಳಕು ಮಂಕಾಗಿ ಉಬ್ಬುತಗ್ಗು ಕಾಣಲ್ಲ, ಹಿಮ ಮತ್ತೆ ಗಟ್ಟಿಯಾಗಿರುತ್ತದೆ. ನಾನು ಈಗ ಮಧ್ಯಾಹ್ನವೇ ಮುಗಿಸುತ್ತೇನೆ, ಗಟ್ಟಿ ಐಸ್ ಇದ್ದ ದಿನ ಬೂಟೇ ಹಾಕುವುದಿಲ್ಲ. ಹೇಡಿ ಅಂದರೆ ಅನ್ನಲಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಪ್ರತಿ ವರ್ಷ ಅಂಗಡಿಯಲ್ಲಿ ಪರೀಕ್ಷೆ ಮಾಡಿಸು. ಅದು ಬಿಗಿಯಾಗಿದ್ದರೆ ಕಾಲು ತಿರುಚಿ ಬಿದ್ದಾಗ ಸ್ಕೀ ಕಳಚಿಕೊಳ್ಳಲ್ಲ, ಆ ಬಲವೆಲ್ಲ ಮೊಣಕಾಲಿಗೂ ಕಣಕಾಲಿನ ಮೂಳೆಗೂ ಹೋಗುತ್ತದೆ. ಸಡಿಲ ಇದ್ದರೆ ಬೇಡದ ಕಡೆ ಕಳಚಿಕೊಳ್ಳುತ್ತದೆ, ಅದೂ ಅಷ್ಟೇ ಕೆಟ್ಟದ್ದು. ಅದಕ್ಕೇ ಸ್ಕ್ರೂ ನೀನೇ ತಿರುಗಿಸಬೇಡ. ಅವರ ಹತ್ತಿರ ಒಂದು ಚಾರ್ಟ್ ಇರುತ್ತದೆ: ತೂಕ, ಎತ್ತರ, ಬೂಟಿನ ಅಟ್ಟೆಯ ಉದ್ದ, ಹೇಗೆ ಸ್ಕೀ ಮಾಡುತ್ತೀಯ, ಮತ್ತೆ ವಯಸ್ಸು. 50 ಆದವರಿಗೆ ಒಂದು ಸಾಲು ಮೇಲಕ್ಕೆ ಹೋಗುತ್ತಾರೆ, ಅಂದರೆ ಬಿಗಿ ಕಡಿಮೆ ಮಾಡುತ್ತಾರೆ. ಹತ್ತು ತುಂಬದ ಮಕ್ಕಳಿಗೂ ಹಾಗೇ ಮಾಡುತ್ತಾರೆ. ನಾವೂ ಅವರೂ ಒಂದೇ, ನೋಡು.

ನಾನು 50 ಆದ ಮೇಲೂ ನಾಲ್ಕು ವರ್ಷ ಆ ಫಾರಂನಲ್ಲಿ 46 ಅಂತಲೇ ಬರೆದೆ. ತೂಕವನ್ನೂ ಐದು ಕಿಲೋ ಇಳಿಸಿ ಬರೆಯುತ್ತಿದ್ದೆ. ತೂಕ ಕಡಿಮೆ ಬರೆದರೆ ಬೈಂಡಿಂಗ್ ಸಡಿಲ, ವಯಸ್ಸು ಕಡಿಮೆ ಬರೆದರೆ ಬಿಗಿ. ಎರಡು ಸುಳ್ಳು ಸೇರಿ ಹೇಗೋ ಸರಿಹೋಗಿರಬೇಕು. ನೀನು ಎರಡನ್ನೂ ನಿಜವೇ ಬರಿ. ಸ್ಕ್ಯಾನ್ ಆದ ದಿನವೇ ಅಂಕಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ