ಆ ಫೋಟೋದ ವಿಷಯ

ಕೊಲಂಬಸ್, ಒಹಾಯೊ

ಅಮ್ಮನಿಗೆ ನಮಸ್ಕಾರ. ನಾನು ಸೌಖ್ಯ. ಅಡಿಕೆಗೆ ಎರಡನೇ ಮದ್ದು ಬಿಟ್ಟಾಯ್ತಾ?

ನಿನ್ನ ಪತ್ರ ಸಿಕ್ಕಿತು. ಪೆರ್ಲದ ಫೋನಿನಲ್ಲಿ ಅರ್ಧ ಕೇಳಿಸುವುದೇ ಇಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ. ಸೀಸ ಕರಗಿಸಿ ಕೋವಿಯ ಗುಂಡು ಎರೆಯುವ ಒಲೆಯ ಪಕ್ಕ ನಾನು ನಿಂತ ಆ ಫೋಟೋವನ್ನು ರಾಜ ಗ್ರೂಪಿಗೆ ಹಾಕಬಾರದಿತ್ತು. ಹುಡುಗ ಅಮೆರಿಕದಲ್ಲಿ ಗುಂಡು ಮಾಡುತ್ತಾನಂತೆ ಅಂತ ಹುಡುಗಿಯ ಮನೆಯವರು, ಸುಳ್ಯದವರು, ಕೇಳಿದರಂತಲ್ಲ. ಜಾತಕ ಕೂಡಿಬಂದ ಮೇಲೆ ಇದೊಂದು ರಗಳೆ!

ಒಲೆ, ಸೀಸ, ಅಚ್ಚು ಎಲ್ಲ ನಾನಿರುವ ಮನೆಯ ಯಜಮಾನರದ್ದು. ಎಪ್ಪತ್ತು ದಾಟಿದ ಮನುಷ್ಯ, ಒಂಟಿ. ಸ್ವಂತಕ್ಕೆ ತೋಟೆ (ಗುಂಡು ಕೂರಿಸಿದ ಹಿತ್ತಾಳೆ ಕೊಳವೆ, ಕಾರ್ಟ್ರಿಜ್) ತುಂಬಿಸಿಕೊಳ್ಳಲು ಇಲ್ಲಿ ಕೇಂದ್ರ ಸರಕಾರದ ಲೈಸೆನ್ಸೂ ಬೇಡ. ನಾನು ವೀಸಾದವನು, ಕೋವಿ, ತೋಟೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಕಾನೂನು ಬಿಡುವುದಿಲ್ಲ. ಫೋಟೋದಲ್ಲಿ ಪಕ್ಕದಲ್ಲಿ ನಿಂತಿದ್ದೇನೆ, ಅಷ್ಟೇ.

ಆದರೆ ನೋಡಲು ಮಜಾ ಇದೆ. ಸೀಸ 327 ಡಿಗ್ರಿ ಸೆಲ್ಸಿಯಸಿಗೆ ಕರಗುತ್ತದೆ. ಯಾವ ತೋಟೆಗೆ ಯಾವ ಅಚ್ಚು ಎಂಬುದೇ ದೊಡ್ಡ ತಲೆಬಿಸಿ. ಅವರ ರಿವಾಲ್ವರ್ 38 ಸ್ಪೆಷಲ್ ಎಂಬ ತೋಟೆಯದ್ದು. ಅದಕ್ಕೆ ವಾಡ್‌ಕಟರ್ ಅಂತ ಮೂತಿಯೇ ಇಲ್ಲದ, ತುದಿ ಚಪ್ಪಟೆಯಾದ ಗುಂಡು. ಕಾಗದಕ್ಕೆ ಹೊಡೆದರೆ ಅಂಚು ಹರಿಯದೆ ಉರುಟು ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. ರಿವಾಲ್ವರಿಗೆ ತೋಟೆಯನ್ನು ಕೈಯಲ್ಲೇ ಹಾಕುವುದಲ್ವಾ, ಹಾಗಾಗಿ ಚಪ್ಪಟೆಯಾದರೂ ತೊಂದರೆ ಇಲ್ಲ. 9 ಎಂಎಂ ಪಿಸ್ತೂಲಿನಲ್ಲಿ ತೋಟೆ ಮ್ಯಾಗಜೀನಿನಿಂದ (ತೋಟೆ ತುಂಬಿಡುವ ಡಬ್ಬಿ) ತಾನಾಗಿ ಜಾರಿ ಒಳಗೆ ಹೋಗಬೇಕು. ಚೂಪು ಅಂಚಿದ್ದರೆ ಸಿಕ್ಕಿಕೊಳ್ಳುವುದು ಜಾಸ್ತಿ. ಅದಕ್ಕೆ ಉರುಟು ಮೂತಿಯ ಅಚ್ಚು, ಇಲ್ಲವೇ ತುದಿ ಕತ್ತರಿಸಿದ ಶಂಕುವಿನ ಆಕಾರದ್ದು. ಗುಂಡಿನ ಅಡ್ಡಳತೆಯೂ ಬೇರೆ. 38ಕ್ಕೆ ಸಾಮಾನ್ಯವಾಗಿ 0.358 ಇಂಚು, 9 ಎಂಎಂಗೆ 0.356. ಗುಂಡು ನಳಿಗೆಗೆ ಸಡಿಲವಾದರೆ ಒಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ, ಗುರಿಯೂ ತಪ್ಪುತ್ತದೆ. ರಿವಾಲ್ವರಿನ ಗುಂಡಿಗೆ ಸುತ್ತಲೂ ಒಂದು ಗೀರು ಬೇರೆ ಇರುತ್ತದೆ. ಹಿತ್ತಾಳೆ ಕೊಳವೆಯ ಬಾಯಿಯನ್ನು ಅದರೊಳಗೆ ಮಡಚುತ್ತಾರೆ, ಒದೆತಕ್ಕೆ ಗುಂಡು ಮುಂದೆ ಜಾರಬಾರದಲ್ಲ. ಇದನ್ನು ಸುಳ್ಯಕ್ಕೆ ಹೇಳಬೇಡ. ಅಪ್ಪನಿಗೆ ಓದಿ ಹೇಳು, ಅವರಿಗೆ ಖುಷಿಯಾದೀತು.

ಸೀಸದ ಹೊಗೆ ಅಂತ ಮಾವ ಹೆದರಿಸಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಗ್ಯಾರೇಜಿನ ಬಾಗಿಲು ತೆರೆದು ಫ್ಯಾನ್ ಹಾಕಿರುತ್ತಾರೆ. ಕೈ ತೊಳೆಯದೆ ನೀರೂ ಕುಡಿಯಲು ಬಿಡುವುದಿಲ್ಲ. ನಾನು ದೂರವೇ ನಿಲ್ಲುವುದು. ಕೆಮ್ಮು ಕೂಡ ಇಲ್ಲ, ತೂಕವೂ ಇಳಿದಿಲ್ಲ.

ಸುಳ್ಯದವರಿಗೆ ಇಷ್ಟು ಹೇಳು: ಹುಡುಗನ ಹತ್ತಿರ ಕೋವಿ ಇಲ್ಲ, ಕುಡಿಯುವುದಿಲ್ಲ, ಸಂಬಳ ಸರಿಯಾಗಿ ಬರುತ್ತದೆ. ಅಷ್ಟಕ್ಕೂ ಹಂದಿಗೆಂದು ಅವರ ಮನೆಯಲ್ಲೇ ಕೋವಿ ಇದೆಯಲ್ಲ! ಚುನಾವಣೆ ಬಂದರೆ ಅಪ್ಪ ಬದಿಯಡ್ಕ ಠಾಣೆಗೆ ಕೊಂಡುಹೋಗಿ ಇಡುವ ಹಾಗೆ ಅವರೂ ಇಡುವವರೇ ತಾನೇ? ಹುಡುಗಿಗೇ ಹೆದರಿಕೆಯಾದರೆ ನನ್ನ ಹತ್ತಿರ ಮಾತಾಡಲಿ. ಬೇಡ ಅಂದರೂ ನನಗೇನೂ ಬೇಜಾರಿಲ್ಲ. ಆದರೂ ನೀನು ಸ್ವಲ್ಪ ಸಮಾಧಾನದಲ್ಲಿ ಮಾತಾಡು, ಈ ಕೋವಿಯ ಮಾತು ಮೊದಲೇ ಎತ್ತಬೇಡ.

ಬಸ್ಸಿಗೆ ಹೊತ್ತಾಯಿತು. ಉಪ್ಪಿನಕಾಯಿ ಇನ್ನೂ ಇದೆ, ಕಳಿಸಬೇಡ. ಅಜ್ಜಿಗೆ ನಮಸ್ಕಾರ.

ಗಣೇಶ